ಪ್ರಶಸ್ತಿಗೆ ಚಪ್ಪಾಳೆ, ಪಾಠಕ್ಕೆ ಬೆನ್ನು

ಬಾಲಕೃಷ್ಣ ದೋಶಿಯವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಭಾರತೀಯರೆಂದು ಚಪ್ಪಾಳೆ ತಟ್ಟಿದೆವು. ಬೆಂಗಳೂರಿನ ಐಐಎಂನ ಕಲ್ಲಿನ ಮೊಗಸಾಲೆಗಳನ್ನು ರೂಪಿಸಿದವರು ಇವರೇ ಎಂದು ಕನ್ನಡಿಗರಾದ ನಮಗೆ ಒಂದು ತೂಕ ಹೆಚ್ಚೇ ಹೆಮ್ಮೆ. 2023ರಲ್ಲಿ ತೀರಿಕೊಂಡರು, ಶ್ರದ್ಧಾಂಜಲಿಯೂ ಆಯಿತು. ಅವರ ಪಾಠ ಮಾತ್ರ ಯಾರಿಗೂ ಬೇಕಾಗಲಿಲ್ಲ.

ಲೆ ಕಾರ್ಬ್ಯುಸಿಯರ್ ಬಳಿ ಪಳಗಿ, 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ತೆರೆದ ಈ ಮೇಷ್ಟ್ರು ಇಂದೋರಿನ ಅರಣ್ಯ ಬಡಾವಣೆಯಲ್ಲಿ ಮಾಡಿದ್ದೇನು? ಬಡವನಿಗೆ ನಿವೇಶನ, ಪಾಯ, ನೀರು, ಪಾಯಖಾನೆ ಕೊಟ್ಟು, ಮಿಕ್ಕಿದ್ದನ್ನು ಕಾಸು ಕೂಡಿದಂತೆ ನೀನೇ ಕಟ್ಟಿಕೋ ಎಂದರು. ಸುಮಾರು 6,500 ಮನೆಗಳ ಯೋಜನೆ! ಮಗನ ಮದುವೆಯಾದರೆ ಇನ್ನೊಂದು ಕೋಣೆಗೆ ಎಡೆಯುಂಟು.

ಇಂದು ಬಡವರಿಗೆ ಕಟ್ಟುತ್ತಿರುವುದು ಬಹುಮಹಡಿಯ ಗೂಡುಗಳನ್ನು. ಏಳನೆಯ ಮಹಡಿಯವನು ತನ್ನ ತರಕಾರಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳು ಮೊದಲು ಇಂದೋರಿಗೆ ಹೋಗಿ ಬರಲಿ. ಪ್ರಯಾಣ ಭತ್ಯೆಯಂತೂ ಇದ್ದೇ ಇದೆ.