ದ್ವೀಪದಲ್ಲಿ ಕೈಬದಲಾದ ಷೇರು

ವಿಧಿಸಲಾದ ತೆರಿಗೆಯನ್ನು ಮರೆಮಾಚುವುದು ಅಪರಾಧವೆಂದೂ, ತೆರಿಗೆಯ ವ್ಯಾಪ್ತಿಗೇ ಬಾರದಂತೆ ವ್ಯವಹಾರವನ್ನು ರೂಪಿಸಿಕೊಳ್ಳುವುದು ಅಪರಾಧವಲ್ಲವೆಂದೂ ನ್ಯಾಯಶಾಸ್ತ್ರವು ಬಹುಕಾಲದಿಂದ ಎಣಿಸುತ್ತ ಬಂದಿರುವ ಭೇದವನ್ನು ನಾನು ಅಲ್ಲಗಳೆಯುವವನಲ್ಲ. ಆ ಭೇದವಿಲ್ಲದಿದ್ದರೆ ಪ್ರಜೆಯ ಆಸ್ತಿಯೆಲ್ಲವೂ ಅಧಿಕಾರಿಯ ಮರ್ಜಿಗೆ ಒಳಪಟ್ಟೀತು. ಆದರೆ ಅದೇ ಭೇದವನ್ನು ಆಶ್ರಯಿಸಿ, ಧನಬಲವುಳ್ಳವರಿಗೆ ಮಾತ್ರ ತೆರೆಯತಕ್ಕ ಬಾಗಿಲೊಂದು ನಿರ್ಮಿತವಾದರೆ, ಅದನ್ನು ನ್ಯಾಯವೆಂದು ಒಪ್ಪಬಹುದೇ?

2007ರಲ್ಲಿ ಹಾಂಗ್‌ಕಾಂಗಿನ ಹಚಿಸನ್ ಸಮೂಹವು ಭಾರತದ ಮೊಬೈಲ್ ದೂರವಾಣಿ ಉದ್ಯಮದಲ್ಲಿ ತನಗಿದ್ದ ಶೇಕಡಾ 67ರಷ್ಟು ಹಿತವನ್ನು ಸುಮಾರು 1,100 ಕೋಟಿ ಡಾಲರುಗಳಿಗೆ ವೊಡಾಫೋನಿನ ಡಚ್ ಅಂಗಸಂಸ್ಥೆಗೆ ಮಾರಿತು. ಗ್ರಾಹಕರು, ಪರವಾನಗಿ, ತರಂಗಾಂತರ, ಗೋಪುರಗಳು ಎಲ್ಲವೂ ಇಲ್ಲಿದ್ದವು. ಕೈಬದಲಾದದ್ದು ಮಾತ್ರ ಕೇಮನ್ ದ್ವೀಪದ ಸಿ.ಜಿ.ಪಿ. ಎಂಬ ಕಂಪನಿಯ ಒಂದೇ ಒಂದು ಷೇರು. ಅದರ ಕೆಳಗೆ ಮಾರಿಷಸ್ಸಿನ ಮೂಲಕ ಇಳಿದುಬರುವ ಕಂಪನಿಗಳ ಸರಪಳಿಯಿತ್ತು. ಹಣ ಕೊಡುವಾಗಲೇ ವೊಡಾಫೋನು ತೆರಿಗೆಯನ್ನು ಮುರಿದುಕೊಳ್ಳಬೇಕಿತ್ತೆಂದು ವಾದಿಸಿದ ನಮ್ಮ ಆದಾಯ ತೆರಿಗೆ ಇಲಾಖೆಯು 11,000 ಕೋಟಿ ರೂಪಾಯಿಗೂ ಮಿಕ್ಕ ಮೊತ್ತವನ್ನು ಕೇಳಿತು. 2012ರ ಜನವರಿ 20ರಂದು ಮುಖ್ಯ ನ್ಯಾಯಾಧೀಶ ಕಪಾಡಿಯಾ ಅವರ ನೇತೃತ್ವದ ಸುಪ್ರೀಂ ಕೋರ್ಟಿನ ಪೀಠವು, ವಿದೇಶೀಯರಿಬ್ಬರ ನಡುವೆ ವಿದೇಶದಲ್ಲಿ ನಡೆದ ಈ ವಿಕ್ರಯವು ಅಂದಿನ ಶಾಸನದ ಮಾತಿಗೆ ಒಳಪಡದೆಂದು ತೀರ್ಪಿತ್ತಿತು.

ಬರೆದಿದ್ದ ಕಾನೂನನ್ನು ಓದುವುದಷ್ಟೇ ನ್ಯಾಯಾಲಯದ ಕೆಲಸವಾದುದರಿಂದ ಆ ತೀರ್ಪನ್ನು ನಾನು ದೂಷಿಸಲಾರೆ. ಆದರೆ ಆ ಷೇರಿಗೆ ಬೆಲೆ ಬಂದದ್ದು ಎಲ್ಲಿಂದ? ದ್ವೀಪದಿಂದಂತೂ ಅಲ್ಲ, ಭಾರತದ ಕೋಟ್ಯಂತರ ಜನರು ತಿಂಗಳು ತಿಂಗಳು ತೆತ್ತ ಹಣದಿಂದ, ಭಾರತ ಸರ್ಕಾರ ಕೊಟ್ಟ ಪರವಾನಗಿಯಿಂದ. ಸಂಬಳಗಾರನ ತೆರಿಗೆಯು ಸಂಬಳವು ಅವನ ಕೈಸೇರುವ ಮೊದಲೇ ಕಡಿತವಾಗುತ್ತದೆ. ತನ್ನ ದುಡಿಮೆಯು ಇಂಥ ದ್ವೀಪದಲ್ಲಿ ನಡೆಯಿತೆಂದು ಹೇಳಿಕೊಳ್ಳುವ ಆಯ್ಕೆ ಅವನಿಗಿಲ್ಲ. ಸ್ಥಳವನ್ನು ಆರಿಸಿಕೊಳ್ಳುವ ಈ ಸ್ವಾತಂತ್ರ್ಯವು ಹಣಕ್ಕೆ ದೊರೆಯತಕ್ಕ ವಸ್ತುವಾಗಿರುವುದೇ ನನಗೆ ಅಸಹ್ಯವೆನಿಸುವ ಸಂಗತಿ.

ಸರ್ಕಾರವು ಹಿಡಿದ ದಾರಿಯೂ ಸರಿಯಾದುದಲ್ಲ. 2012ರ ಹಣಕಾಸು ಕಾಯಿದೆಯು ಇಂಥ ವಿಕ್ರಯವೂ ತೆರಿಗೆಗೆ ಒಳಪಡುವಂತೆ, ಅದೂ 1962ರಿಂದಲೇ ಅನ್ವಯವಾಗುವಂತೆ ಶಾಸನವನ್ನು ತಿದ್ದಿತು. ಆಟ ಮುಗಿದ ಮೇಲೆ ನಿಯಮವನ್ನು ಬದಲಿಸುವ ರಾಜ್ಯವು ತನ್ನ ಪ್ರಜೆಗಳಿಂದ ನಿಯಮಪಾಲನೆಯನ್ನು ಯಾವ ಮುಖದಿಂದ ಕೇಳೀತು? 2020ರಲ್ಲಿ ಈ ವ್ಯಾಜ್ಯದ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಮಂಡಲಿಯು ಭಾರತದ ವಿರುದ್ಧ ತೀರ್ಮಾನಿಸಿತು. ಮರುವರ್ಷ ಸಂಸತ್ತೇ ಆ ಪೂರ್ವಾನ್ವಯವನ್ನು ಹಿಂತೆಗೆದುಕೊಂಡಿತು.

ಕಂಪನಿಗಳ ಜಾಣತನಕ್ಕಿಂತ ಹೆಚ್ಚಾಗಿ ನಮ್ಮ ದೀರ್ಘಕಾಲದ ಉಪೇಕ್ಷೆಯೇ ಇಲ್ಲಿ ದೋಷಭಾಗಿ. ಮಾರಿಷಸ್ಸಿನ ನಿವಾಸಿಗಳು ಭಾರತದ ಷೇರು ಮಾರಿ ಪಡೆದ ಲಾಭಕ್ಕೆ ಮಾರಿಷಸ್ಸಿನಲ್ಲಿ ಮಾತ್ರ ತೆರಿಗೆಯೆಂದು 1982ರಲ್ಲಿ ಒಪ್ಪಂದವಾಗಿತ್ತು. ಅಲ್ಲಿ ಅಂಥ ಲಾಭಕ್ಕೆ ತೆರಿಗೆಯೇ ಇರಲಿಲ್ಲ. ಇದನ್ನು ಬಲ್ಲ ಸರ್ಕಾರಗಳು 2016ರವರೆಗೆ ಅದನ್ನು ತಿದ್ದಲಿಲ್ಲ. ಇಲ್ಲಿಯ ಆಸ್ತಿಯಿಂದ ಬೆಲೆ ಪಡೆಯುವ ವಿದೇಶೀ ಷೇರಿನ ಮಾರಾಟಕ್ಕೂ ತೆರಿಗೆಯುಂಟೆಂಬ ವಿಧಿಯು 2012ರ ಮೇ 28ರ ಅನಂತರದ ವ್ಯವಹಾರಗಳಿಗೆ ಇಂದಿಗೂ ಊರ್ಜಿತವಾಗಿದೆ. ಅದನ್ನು 2007ಕ್ಕಿಂತ ಮುಂಚೆಯೇ ಬರೆದಿಡಲು ಯಾವ ಅಡ್ಡಿಯೂ ಇರಲಿಲ್ಲ.