ಓದಬಲ್ಲವರ ಕೈಯ ಹಾರೆ

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿ ಕೂತಿದ್ದ ಕಲ್ಲನ್ನು ನೋಡಿದರೆ ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ಯಾರೋ ಎಂದೋ ಅದರ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಲ್ಲಿದ್ದ ಬ್ರಾಹ್ಮಿ ಅಕ್ಷರಗಳು ಪುಡಿಯಾಗಿ ಹೋದವು. ಅದೇ ಕಲ್ಲಿನಲ್ಲಿರುವ ಅಶೋಕನ ಹನ್ನೆರಡನೆಯ ಶಿಲಾಶಾಸನ ಹೇಳುವುದು, ಪರರ ಮತವನ್ನೂ ಗೌರವಿಸಿ ಎಂದು. ಆದರೂ ಕೊರೆದವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಪಾಲಿಗೆ ಅದು ಗೀಚಿದ ಕಲ್ಲು, ಅಷ್ಟೆ.

ನನ್ನ ಸಿಟ್ಟೆಲ್ಲ ಓದಬಲ್ಲವರ ಮೇಲೆ.

ಸನ್ನತಿಯ ಮಗ್ಗುಲಲ್ಲೇ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧರ ಮಹಾಚೈತ್ಯ ಹೊರಬಂತು. ಸುಣ್ಣಕಲ್ಲಿನ ದೊಡ್ಡ ದೊಡ್ಡ ಹಲಗೆಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕು, ಶಾತವಾಹನ ಅರಸರು. ಒಂದರಲ್ಲಂತೂ ರಾಣಿ, ಪರಿಚಾರಿಕೆಯರೊಡನೆ ನಿಂತ ದೊರೆ. ಜೊತೆಗೇ ಬ್ರಾಹ್ಮಿಯಲ್ಲಿ ಅಶೋಕನ ಹೆಸರು. ಬೇರೆ ದೇಶವಾಗಿದ್ದರೆ ಇದೊಂದು ಹಲಗೆಗೇ ಒಂದು ಮ್ಯೂಸಿಯಂ ಕಟ್ಟುತ್ತಿದ್ದರು. ನಾವು? ವರ್ಷಗಟ್ಟಲೆ ಬಿಸಿಲು-ಮಳೆಗೆ ಒಡ್ಡಿಟ್ಟೆವು. ಶತಮಾನಗಳ ಕಾಲ ಮಣ್ಣು ಜೋಪಾನ ಮಾಡಿದ್ದನ್ನು ಅಗೆದು ತೆಗೆದು ಬಯಲಲ್ಲಿ ಬಿಡುವುದಕ್ಕೆ ಡಾಕ್ಟರೇಟ್ ಬೇಕೆ?

ಕಲಬುರಗಿ ದೂರವಾಯಿತು, ಬಿಡಿ. ನಮ್ಮ ಹೆಬ್ಬಾಳದ ಕಥೆ ಕೇಳಿ. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲೇ ಇದು ಅತ್ಯಂತ ಹಳೆಯದು. ಬೆಳಕಿಗೆ ತಂದದ್ದು ಸಂಶೋಧನೆಯಲ್ಲ, ಚರಂಡಿ ಕಾಮಗಾರಿ! ಊರಿಗಾಗಿ ಕಾದಾಡಿ ಮಡಿದವನ ಕಲ್ಲು ಗುಂಡಿ ತೋಡಿದ ಮಣ್ಣಿನ ಜೊತೆ ಎದ್ದು ಬಂತು. ಬೆಲೆ ಗೊತ್ತಿದ್ದ ನಾಲ್ಕು ಜನ ನೋಡಿದರು, ಊರವರು ಕೈಜೋಡಿಸಿದರು, ಚಂದಾ ಎತ್ತಿ ಮಂಟಪ ಕಟ್ಟಿದರು. ಉಳಿಯಿತು. ಯಾರ ಕಣ್ಣಿಗೂ ಬೀಳದೆ ಪಾಯಕ್ಕೆ ತುಂಬಿಹೋದವುಗಳ ಗತಿ?

ಗೊತ್ತಿರಲಿಲ್ಲ ಎನ್ನುವ ನೆಪ ಇಲ್ಲಿ ನಡೆಯದು. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರಿನ ಹೆಸರು ಹಿಡಿದು ಅಚ್ಚು ಹಾಕಿಸಿದ್ದ. ಈಗ ಆಸಕ್ತರು ಆ ಪುಸ್ತಕ ಹಿಡಿದು ಹೊರಟರೆ ಎಷ್ಟೋ ಕಡೆ ಕಲ್ಲೇ ಇಲ್ಲ. ಲೇಔಟ್ ಇದೆ, ಅಪಾರ್ಟ್‌ಮೆಂಟ್ ಇದೆ. ಉಳಿದವುಗಳ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿದ ಆಯಿಲ್ ಪೇಂಟ್ (ಅಕ್ಷರದ ಗೆರೆಯೊಳಗೆ ಇಳಿದು ಗಟ್ಟಿಯಾದ ಆ ಬಣ್ಣವನ್ನು ಕೆರೆದು ನೋಡಿ, ಬಣ್ಣದ ಜೊತೆ ಕಲ್ಲಿನ ಪುಡಿಯೂ ಉದುರುತ್ತದೆ).

1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆಯಲ್ಲ ಎನ್ನಬೇಡಿ. ಬೀದಿ ಬದಿಯ ಅನಾಥ ಕಲ್ಲು ಸಂರಕ್ಷಿತ ಪಟ್ಟಿ ಸೇರುವಷ್ಟರಲ್ಲಿ ಜೆಸಿಬಿ ಬಂದು ಹೋಗಿರುತ್ತದೆ.

ಹಾಗಾದರೆ ದಾರಿ? ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ಆ ದಾಖಲೆ ಯಲಹಂಕದ, ಹೆಬ್ಬಾಳದ ಪ್ರತಿ ವಾರ್ಡ್ ಎಂಜಿನಿಯರ್ ಮೇಜಿನ ಮೇಲಿರಲಿ. ರಸ್ತೆ ಅಗೆಯುವ ಟೆಂಡರಿನಲ್ಲಿ ಒಂದೇ ಒಂದು ಷರತ್ತು ಸೇರಿಸಿ: ಕೆತ್ತನೆಯ ಕಲ್ಲು ಕಂಡರೆ ಕೆಲಸ ನಿಲ್ಲಬೇಕು, ಮುರಿದರೆ ಬಿಲ್ ಪಾಸಾಗಕೂಡದು.