ಒತ್ತಡವನ್ನು ಅಳೆಯುವ ವಿದ್ಯೆ

ಮುಪ್ಪಿನಲ್ಲಿ ಹೃದಯವನ್ನು ಕಾಪಾಡಿಕೊಳ್ಳುವ ವಿಚಾರವನ್ನು ಹದಿನೆಂಟು ವರ್ಷದ ತರುಣರ ಮುಂದಿಡುವುದು ಅಕಾಲಿಕವೆಂದು ಕೆಲವರಿಗೆ ತೋರಬಹುದು. ಆದರೆ ಆ ತರುಣರ ಮನೆಯಲ್ಲಿ ಐವತ್ತರ ತಂದೆಯೋ ಎಪ್ಪತ್ತರ ಅಜ್ಜಿಯೋ ಇರುತ್ತಾರಷ್ಟೆ. ಅವರ ಹೃದಯರಕ್ಷಣೆಗೆ ಬೇಕಾದ ಒಂದು ಮುಖ್ಯ ವಿದ್ಯೆ ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಗೆ ಅತಿ ಸಮೀಪದ್ದು. ರಕ್ತದೊತ್ತಡವನ್ನು ಸರಿಯಾಗಿ ಅಳೆಯುವುದೇ ಆ ವಿದ್ಯೆ. ಪ್ರೌಢಶಾಲೆಯನ್ನು ದಾಟಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದನ್ನು ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ವೈದ್ಯರ ವಿಷಯ, ನಮಗೇಕೆ ಎನ್ನುವವರು ಚರಿತ್ರೆಯನ್ನೊಮ್ಮೆ ಅವಲೋಕಿಸಬೇಕು. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯು ಕುದುರೆಯ ಅಪಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತವು ಅದರಲ್ಲಿ 8 ಅಡಿಗೂ ಮಿಕ್ಕು ಏರಿದುದನ್ನು 1733ರಲ್ಲಿ ಪ್ರಕಟಪಡಿಸಿದನು. ಸ್ನಿಗ್ಧತೆಯ ಪಾಠದಲ್ಲಿ ನಾವು ಹೆಸರಿಸುವ ಪ್ವಾಸೆಯ್ ಕಲಿತದ್ದು ವೈದ್ಯವನ್ನು; 1828ರಲ್ಲಿ ಪಾದರಸದ ಮಾಪಕದಿಂದ ಪ್ರಾಣಿಗಳ ರಕ್ತದೊತ್ತಡವನ್ನು ಅಳೆದವನು ಅವನೇ. ಸ್ಥಿತಿಸ್ಥಾಪಕತೆಯ ಅಧ್ಯಾಯದ ಥಾಮಸ್ ಯಂಗನೂ ವೈದ್ಯನೇ. 1896ರಲ್ಲಿ ಇಟಲಿಯ ರಿವಾ ರೋಚಿ ತೋಳಿಗೆ ಗಾಳಿಪಟ್ಟಿಯನ್ನು ಸುತ್ತಿ ಅಳೆಯುವ ಉಪಾಯವನ್ನು ತೋರಿಸಿದನು. 1905ರಲ್ಲಿ ರಷ್ಯದ ಕೊರೊಟ್ಕಾಫ್, ಪಟ್ಟಿ ಸಡಿಲವಾಗುವಾಗ ನಾಳದಲ್ಲಿ ಹುಟ್ಟುವ ಸಪ್ಪಳವನ್ನು ಆಲಿಸಿ ಎರಡು ಅಂಕಿಗಳನ್ನು ಗುರುತಿಸಲು ಕಲಿಸಿದನು. ಭೌತಶಾಸ್ತ್ರವೂ ವೈದ್ಯವೂ ಇಲ್ಲಿ ಒಂದೇ ಮನೆಯ ಮಕ್ಕಳು.

ಹೃದಯದ ಕೆಲಸವನ್ನು ಲೆಕ್ಕ ಹಾಕಿ ನೋಡೋಣ. ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಸಾಗಿಸುತ್ತದೆ. ಸರಾಸರಿ ಒತ್ತಡವು ಪಾದರಸದ 100 ಮಿಲಿಮೀಟರ್ ಎಂದಿಟ್ಟುಕೊಂಡರೆ, ಶರೀರಕ್ಕೆ ರಕ್ತವನ್ನು ನೂಕುವ ಎಡ ಭಾಗದ ಸಾಮರ್ಥ್ಯ ಸುಮಾರು 1.1 ವಾಟ್. ಅಲ್ಪವೆಂದು ತೋರಬಹುದು, ಆದರೆ ಈ ಯಂತ್ರಕ್ಕೆ ಜೀವಮಾನವಿಡೀ ರಜೆಯೆಂಬುದಿಲ್ಲ. ಹರಿವು ಅಷ್ಟೇ ಇದ್ದು ಸರಾಸರಿ ಒತ್ತಡವು 130ಕ್ಕೆ ಏರಿದರೆ ಕೆಲಸವು ನೂರಕ್ಕೆ ಮೂವತ್ತರಷ್ಟು ಹೆಚ್ಚುತ್ತದೆ. ಈ ಹೊರೆಯನ್ನು ಹೊರಲು ಹೃದಯದ ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ, ಕೊನೆಗೆ ಸೋಲುತ್ತದೆ. ಇತ್ತ ಮಹಾಪಧಮನಿಯೂ ವಯಸ್ಸಾದಂತೆ ತನ್ನ ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಳ್ಳುವುದರಿಂದ, ಪ್ರತಿ ಬಡಿತದ ಒತ್ತಡವೂ ಮೇಲೇರುತ್ತದೆ.

ವಯಸ್ಸಾದ ಮೇಲೆ ಇದು ಸಹಜವೆಂದು ಹಿಂದೆ ಅನೇಕ ವೈದ್ಯರೇ ಸುಮ್ಮನಿರುತ್ತಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಒತ್ತಡವು ಹಲವು ವರ್ಷಗಳಿಂದ ಏರುತ್ತಲೇ ಇದ್ದಿತು. 1945ರ ಏಪ್ರಿಲ್ 12ರಂದು ಅವರು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. 1948ರಲ್ಲಿ ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ 5,209 ನಿವಾಸಿಗಳನ್ನು ವರ್ಷಾನುವರ್ಷ ಪರೀಕ್ಷಿಸುವ ದೀರ್ಘ ಅಧ್ಯಯನವು ಆರಂಭವಾಯಿತು. ಏರಿದ ಒತ್ತಡವು ಯಾವ ವಯಸ್ಸಿನಲ್ಲಿಯೂ ನಿರುಪದ್ರವಿಯಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ರೂಸ್‌ವೆಲ್ಟರಿಗೆ ಅಳೆಯುವ ವೈದ್ಯರಿದ್ದರು, ಗುಣಕಾರಿಯಾದ ಔಷಧವಿರಲಿಲ್ಲ. ಇಂದು ನಮ್ಮ ಊರುಗಳಲ್ಲಿ ಔಷಧವುಂಟು, ಅದೂ ಅಗ್ಗದ ಬೆಲೆಗೆ, ಅಳೆಯುವವರಿಲ್ಲ. ಏರಿದ ಒತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಜಗತ್ತಿನಲ್ಲಿ ಈ ತೊಂದರೆಯುಳ್ಳವರ ಪೈಕಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಅದರ ಅರಿವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಮಾಪಕವನ್ನು ಕೊಂಡರೆ ಸಾಲದೇ, ಕಲಿಯುವುದೇನಿದೆ ಎಂದು ಕೇಳಬಹುದು. ಒಂದು ಸರಳ ಪ್ರಯೋಗವೇ ಉತ್ತರ ಹೇಳುತ್ತದೆ. ಪಟ್ಟಿ ಕಟ್ಟಿದ ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಅಳೆಯಿರಿ. ಬಳಿಕ ಪಟ್ಟಿಯು 13 ಸೆಂಟಿಮೀಟರ್ ಮೇಲೆ ಬರುವಂತೆ ತೋಳನ್ನೆತ್ತಿ ಆಧಾರ ಕೊಟ್ಟು ಅಳೆಯಿರಿ. ಅಂಕಿಯು ಸುಮಾರು 10ರಷ್ಟು ಇಳಿಯಬೇಕು. ಪಾದರಸವು ರಕ್ತಕ್ಕಿಂತ ಸುಮಾರು 13 ಪಟ್ಟು ಸಾಂದ್ರವಾದುದರಿಂದ, ರಕ್ತದ 13 ಸೆಂಟಿಮೀಟರ್ ಕಂಬವು ಪಾದರಸದ 10 ಮಿಲಿಮೀಟರಿಗೆ ಸಮ. ದ್ರವಸ್ಥಿತಿಶಾಸ್ತ್ರದ ಸೂತ್ರವನ್ನು ಸ್ವಂತ ತೋಳಿನಲ್ಲಿಯೇ ಕಂಡ ವಿದ್ಯಾರ್ಥಿಯು ಅದನ್ನು ಮರೆಯುವುದಿಲ್ಲ. ಅಜ್ಜಿಯ ತೋಳನ್ನು ಎಲ್ಲಿಡಬೇಕೆಂಬುದನ್ನೂ ಮರೆಯುವುದಿಲ್ಲ. ಪಾದರಸದ ಉಪಕರಣಗಳು ಈಗ ಹಿಂದೆ ಸರಿಯುತ್ತಿದ್ದು ವಿದ್ಯುನ್ಮಾನ ಮಾಪಕಗಳು ಬಂದಿವೆ. ನಿಯಮ ಮಾತ್ರ ಬದಲಾಗಿಲ್ಲ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲಕ್ಕೆ ತಾಗಿರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿಯನ್ನಾಗಲಿ ಬೀಡಿಯನ್ನಾಗಲಿ ಮುಟ್ಟಿರಬಾರದು. ಅಳೆಯುವಾಗ ಮಾತು ಸಲ್ಲದು. ಎರಡು ಸಲ ಅಳೆದು ಬರೆದಿಡಬೇಕು.

ಇದರಿಂದ ಮನೆಮನೆಯಲ್ಲೂ ಭಯ ಹುಟ್ಟೀತು, ಹುಡುಗರು ವೈದ್ಯರಂತೆ ವರ್ತಿಸಿಯಾರು ಎಂಬ ಆಕ್ಷೇಪಣೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಜ್ವರಮಾಪಕವು ಯಾರನ್ನೂ ವೈದ್ಯರನ್ನಾಗಿ ಮಾಡಲಿಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದನ್ನು ಕಲಿಸಿತು. ಒಂದು ಅಳತೆಯಿಂದ ರೋಗ ನಿರ್ಣಯವಾಗದೆಂಬುದೂ ಪಾಠದ ಭಾಗವೇ. ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಅದಕ್ಕೂ ಹೆಚ್ಚು ಕಂಡುಬಂದರೆ ವೈದ್ಯರನ್ನು ಕಾಣಬೇಕು. ಎದೆನೋವೋ ಉಸಿರಾಟದ ಕಷ್ಟವೋ ಇದ್ದರೆ ಅಂಕಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಅಂಕಿ ಇಳಿಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಇಳಿಸಿದ್ದು ಆ ಗುಳಿಗೆಯೇ.

ಅಳತೆಯು ನಡತೆಯನ್ನೂ ತಿದ್ದೀತು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ: ಇವು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಲ್ಲದೆ ಊಟವೇ ಇಲ್ಲವೆನ್ನುವ ನಮ್ಮ ಹಿರಿಯರು ಉಪದೇಶಕ್ಕೆ ಮಣಿಯಲಾರರು. ಮೊಮ್ಮಗಳು ತಿಂಗಳುಗಟ್ಟಲೆ ಬರೆದಿಟ್ಟ ಅಂಕಿಗಳ ಪಟ್ಟಿಗೆ ಮಣಿದಾರು.

ಪ್ರತಿ ಕಾಲೇಜಿನ ಪ್ರಯೋಗಶಾಲೆಗೆ ಎರಡು ಉತ್ತಮ ಮಾಪಕಗಳು, ವರ್ಷದಲ್ಲಿ ಒಂದು ತರಗತಿ: ನಾನು ಕೇಳುತ್ತಿರುವುದು ಇಷ್ಟೇ. ಪಠ್ಯಕ್ರಮವು ಬದಲಾಗುವವರೆಗೆ ವಿದ್ಯಾರ್ಥಿಗಳು ಕಾಯಬೇಕಾದುದಿಲ್ಲ. ಹತ್ತಿರದ ಆರೋಗ್ಯ ಕೇಂದ್ರದ ದಾದಿಯನ್ನು ವಿನಯದಿಂದ ಕೇಳಿ ಕಲಿಯಿರಿ. ಮೊದಲ ಅಳತೆ ನಿಮ್ಮ ಮನೆಯ ಹಿರಿಯರದಾಗಲಿ.